ಹಾಲುಣಿಸುವ ಸಲಹಾ ಸೇವೆ: ಮಗುವಿನ ಭೇದಿಯ ಜಾಡು ಹಿಡಿದ ಎರಡು ಭೇಟಿಗಳು

ಐದು ತಿಂಗಳ ನಮ್ಮ ಮಗುವಿನ ಭೇದಿ ಎರಡು ವಾರ ಕಳೆದರೂ ನಿಲ್ಲದೆ, ಮೂರನೆಯ ಮಲಪರೀಕ್ಷೆಯಲ್ಲಿ ಜಿಯಾರ್ಡಿಯಾ ಎಂಬ ಪರಾವಲಂಬಿ ಜೀವಿ ಪತ್ತೆಯಾದ ಮೇಲೆ, ನಾನು ಆಸ್ಪತ್ರೆಯೊಂದರ ಹಾಲುಣಿಸುವ ಸಲಹಾ ಸೇವೆಗೆ ಹೋದೆ. ಎದೆಹಾಲಿನ ಹೊರತು ಬೇರೇನನ್ನೂ ಕುಡಿಯದ ಮಗುವಿಗೆ ಇದು ಬಂದದ್ದಾದರೂ ಹೇಗೆ, ನನ್ನ ಹಾಲಿನಲ್ಲೇ ದೋಷವಿದೆಯೇ ಎಂಬ ಅಳುಕು ನನ್ನನ್ನು ಕಾಡುತ್ತಿತ್ತು.

ಸಲಹೆಗಾರ್ತಿ ಮೊದಲು ಆ ಅಳುಕನ್ನೇ ನೀಗಿಸಿದರು. ಜಿಯಾರ್ಡಿಯಾ ಹಾಲಿನ ಮೂಲಕ ಬರುವುದಿಲ್ಲ, ಮಲದ ಅಂಶ ಸೇರಿದ ನೀರು ಮತ್ತು ಕೈಗಳ ಮೂಲಕ ಬಾಯಿಗೆ ಸೇರುತ್ತದೆ. ಹಾಲಿನಲ್ಲಿರುವ ಪ್ರತಿಕಾಯಗಳು ಮಗುವಿನ ಕರುಳನ್ನು ಕಾಯುತ್ತವೆ, ಅದರಲ್ಲಿನ ಕೊಬ್ಬು ಕರಗಿಸುವ ಕಿಣ್ವವೊಂದು ಬಿಡುಗಡೆ ಮಾಡುವ ಆಮ್ಲಗಳು ಈ ಜೀವಿಯನ್ನು ಕೊಲ್ಲುವುದು ಪ್ರಯೋಗಾಲಯದಲ್ಲಿ ಕಂಡುಬಂದಿದೆ ಎಂದು ವಿವರಿಸಿದರು. ಆದರೆ ಹಾಲು ಪೂರ್ಣ ಕವಚವಲ್ಲ ಎಂಬುದನ್ನೂ ಅವರು ಮುಚ್ಚಿಡಲಿಲ್ಲ. ಮೊದಲ 6 ತಿಂಗಳು ಬರೀ ಎದೆಹಾಲು ಕೊಡಬೇಕೆನ್ನುವುದಕ್ಕೆ ಇರುವ ಕಾರಣಗಳಲ್ಲಿ, ಕಲುಷಿತ ನೀರು ಮಗುವಿನ ಬಾಯಿಗೆ ಹೋಗದಿರಲಿ ಎಂಬುದೂ ಒಂದು. ಹಾಗಿದ್ದರೆ ನಮ್ಮ ಮನೆಯಲ್ಲಿ ನೀರು ಎಲ್ಲಿಂದ ನುಸುಳಿತು?

ಈ ಪ್ರಶ್ನೆಯ ಬೆನ್ನು ಹತ್ತಿದ್ದೇ ಈ ಸೇವೆಯ ನಿಜವಾದ ಮೌಲ್ಯ ಎಂದು ನನಗನ್ನಿಸುತ್ತದೆ. ನಾನು ಕೆಲಸಕ್ಕೆ ಮರಳಿದ ಮೇಲೆ ಹಾಲನ್ನು ಪಂಪಿನಿಂದ ತೆಗೆದಿಡುತ್ತಿದ್ದೆ. ಎರಡನೆಯ ಭೇಟಿಗೆ ಪಂಪು, ಬಾಟಲಿಗಳನ್ನು ತರಿಸಿಕೊಂಡ ಅವರು ಒಂದೊಂದು ಭಾಗವನ್ನೂ ಬಿಡಿಸಿ, ಸಣ್ಣ ಸಿಲಿಕೋನ್ ಕವಾಟದ ಅಡಿಯಲ್ಲಿ ಉಳಿದಿದ್ದ ಹಾಲಿನ ಪದರವನ್ನು ತೋರಿಸಿದರು. ಎಲ್ಲವನ್ನೂ ಕುದಿಸಿದ ಮೇಲೆ ಕೊನೆಗೊಮ್ಮೆ ನಲ್ಲಿ ನೀರಿನಲ್ಲಿ ಜಾಲಿಸುವ ನನ್ನ ಅಭ್ಯಾಸವನ್ನು ಅಲ್ಲೇ ಬಿಡಿಸಿದರು. ಸೋಂಕು ಇದರಿಂದಲೇ ಬಂತೆಂದು ಅವರು ಖಚಿತವಾಗಿ ಹೇಳಲಿಲ್ಲ. ಮಗುವಿನ ಬಟ್ಟೆ ಬದಲಿಸಿದ ಕೈಗಳ ಬಗ್ಗೆಯೂ ಅಷ್ಟೇ ವಿವರವಾಗಿ ವಿಚಾರಿಸಿದರು. ಹಿಂದಿನ ಎರಡು ಪರೀಕ್ಷೆಗಳಲ್ಲಿ ಏನೂ ಸಿಗದಿದ್ದುದು ನಮ್ಮನ್ನು ಗೊಂದಲಕ್ಕೀಡುಮಾಡಿತ್ತು. ಜಿಯಾರ್ಡಿಯಾ ಪ್ರತಿದಿನವೂ ಮಲದಲ್ಲಿ ಹೊರಬೀಳದ ಕಾರಣ ಬೇರೆ ಬೇರೆ ದಿನಗಳ ಮಾದರಿ ಬೇಕಾಗುತ್ತದೆಂಬುದು ಇಲ್ಲಿಯೇ ತಿಳಿಯಿತು.

ಮನೆಯ ಹಿರಿಯರು ಜಂತುಹುಳುವಿನ ಔಷಧಿ ಕೊಟ್ಟುಬಿಡಿ ಎನ್ನುತ್ತಿದ್ದರು. ಜಿಯಾರ್ಡಿಯಾ ಹುಳುವಲ್ಲ, ಕಣ್ಣಿಗೆ ಕಾಣದ ಏಕಕೋಶ ಜೀವಿ. ಸಾಮೂಹಿಕವಾಗಿ ಕೊಡುವ ಜಂತುಹುಳು ಮಾತ್ರೆಯೂ 12 ತಿಂಗಳು ತುಂಬಿದ ಮಕ್ಕಳಿಗೆ ಮಾತ್ರ ಎಂದು ತಿಳಿಸಿ, ಸಲಹೆಗಾರ್ತಿ ಔಷಧಿಯ ವಿಷಯವನ್ನು ಮಕ್ಕಳ ವೈದ್ಯರಿಗೇ ಬಿಟ್ಟರು. ಭೇದಿಯಿದ್ದಷ್ಟು ದಿನವೂ ಹಾಲುಣಿಸುವುದನ್ನು ನಿಲ್ಲಿಸದಂತೆ ನೋಡಿಕೊಂಡರು.

ಒಂದು ಆಕ್ಷೇಪವನ್ನು ಮಾತ್ರ ಹೇಳಲೇಬೇಕು. ಕ್ಲೋರಿನ್ ಮಾತ್ರೆಯ ನೀರಿನಲ್ಲಿ ಬಾಟಲಿ ನೆನೆಸಿಟ್ಟರೆ ಎಲ್ಲ ರೋಗಾಣುಗಳೂ ಸಾಯುತ್ತವೆ ಎಂದು ಅಲ್ಲಿ ಕೊಡುವ ಕರಪತ್ರದಲ್ಲಿ ಮುದ್ರಿಸಿದ್ದಾರೆ. ಭೇದಿ ತರುವ ಇನ್ನೊಂದು ಪರಾವಲಂಬಿ ಜೀವಿಯಾದ ಕ್ರಿಪ್ಟೋಸ್ಪೊರಿಡಿಯಂ ಕ್ಲೋರಿನ್‌ಗೆ ಬಗ್ಗುವುದಿಲ್ಲ. ಅದಕ್ಕೆ ಕುದಿಯುವ ನೀರೋ ಹಬೆಯೋ ಬೇಕು. ಸಲಹೆಗಾರ್ತಿಯವರಿಗೆ ಇದು ತಿಳಿದೇ ಇತ್ತು, ಆದರೆ ಕರಪತ್ರವನ್ನಷ್ಟೇ ಓದುವ ತಾಯಿಗೆ ತಿಳಿಯುವುದಿಲ್ಲ. ಆ ಸಾಲನ್ನು ತಿದ್ದಬೇಕೆಂದು ನಾನು ಲಿಖಿತವಾಗಿ ಕೋರಿದ್ದೇನೆ.