ಕ್ರೈ ಬೇಬಿ ಜಿಸಿಬಿ95 ವಾ-ವಾ ಪೆಡಲ್: ವರ್ಷಗಟ್ಟಲೆ ತುಳಿದ ಮೇಲೆ

ವಾ-ವಾ ಅಂದರೆ ಎಲೆಕ್ಟ್ರಿಕ್ ಗಿಟಾರಿನ ದನಿಯನ್ನು ಕಾಲಿನಿಂದ ಬದಲಿಸುವ ಪೆಡಲ್. ಡನ್‌ಲಪ್ ಕಂಪನಿಯ ಈ ಪೆಡಲ್‌ನಲ್ಲಿ ತಿರುಗಿಸಲು ಒಂದು ನಾಬ್ ಕೂಡ ಇಲ್ಲ. ಕಾಲಿಡುವ ಹಲಗೆ, ಮುಂಗಾಲಿನ ಕೆಳಗೊಂದು ಸ್ವಿಚ್, ಅಷ್ಟೇ. ಉಳಿದದ್ದೆಲ್ಲ ನಮ್ಮ ಪಾದದ ಕೆಲಸ. ಬೇರೆ ಪೆಡಲ್‌ಗಳನ್ನು ಮಾರಿ, ಇದನ್ನು ಮಾತ್ರ ಉಳಿಸಿಕೊಂಡಿರುವುದೂ ಅದಕ್ಕೇ.

ಹಿಮ್ಮಡಿ ಒತ್ತಿದರೆ ಸುಮಾರು 400 ಹರ್ಟ್ಜ್ ಆಸುಪಾಸಿನ ದನಿ ಎದ್ದು ಕೇಳುತ್ತದೆ, ಗಿಟಾರ್ 'ಊ' ಅನ್ನುತ್ತದೆ. ಮುಂದಕ್ಕೆ ತುಳಿದಂತೆ ಆ ಉಬ್ಬು 2,000 ಹರ್ಟ್ಜ್ ಕಡೆಗೆ ಸರಿದು 'ಆ' ಆಗುತ್ತದೆ. ನಮ್ಮ ಬಾಯಿ ಸ್ವರಾಕ್ಷರಗಳನ್ನು ಬದಲಿಸುವುದೂ ಹೆಚ್ಚುಕಡಿಮೆ ಹೀಗೇ. 1966ರಲ್ಲಿ ಅಮೆರಿಕದ ಥಾಮಸ್ ಆರ್ಗನ್ ಕಂಪನಿಯ ಬ್ರಾಡ್ ಪ್ಲಂಕೆಟ್ ಮೊದಲ ವಾ-ವಾ ಮಾಡಿದಾಗ, ಕಂಪನಿಯ ಕಣ್ಣು ಊದುವ ವಾದ್ಯಗಳವರ ಮೇಲಿತ್ತು. ಆ ಪೆಡಲ್‌ಗೆ ಟ್ರಂಪೆಟ್ ವಾದಕ ಕ್ಲೈಡ್ ಮೆಕಾಯ್ ಹೆಸರನ್ನೇ ಇಟ್ಟಿದ್ದರು. ರಾಕ್ ಗಿಟಾರ್ ವಾದಕರಾದ ಎರಿಕ್ ಕ್ಲಾಪ್ಟನ್, ಜಿಮಿ ಹೆಂಡ್ರಿಕ್ಸ್ ಕಾಲಿಟ್ಟ ಮೇಲೆ ಅದು ಗಿಟಾರಿನವರದ್ದಾಯಿತು.

ಹೊಸದಾಗಿ ಕೊಂಡವರು ತಾಳಕ್ಕೆ ಸರಿಯಾಗಿ ಸುಮ್ನೆ ಕಾಲು ಕುಣಿಸುತ್ತಾರೆ. ಫಂಕ್ ರಿದಮ್‌ಗೆ ಅದು ಚೆಂದ. ಸೋಲೋದಲ್ಲಿ ಎರಡೇ ನಿಮಿಷಕ್ಕೆ ಬೇಜಾರು. ಕಾಲು ಲೆಕ್ಕ ಹಾಕಬಾರದು, ನುಡಿಸುವ ಸಾಲಿನ ಜೊತೆ ಹೋಗಬೇಕು. ತಂತಿ ಎಳೆಯುವಾಗ ಪೆಡಲನ್ನೂ ನಿಧಾನಕ್ಕೆ ಮುಂದಕ್ಕೆ ತುಳಿದು ತೆರೆಯಿರಿ, ಸ್ವರ ಮೇಲೆ ಮುಟ್ಟಿದಾಗಲೇ ದನಿ ಪೂರ್ತಿ ಬಿಚ್ಚಿಕೊಳ್ಳಲಿ. ಉದ್ದನೆಯ ಸ್ವರ ಆರುತ್ತಾ ಬಂದಾಗ ಮುಚ್ಚಿ. ವೇಗದ ಸಾಲು ಬಂದರೆ ಕಾಲಾಡಿಸಲೇ ಬೇಡಿ, ಅರ್ಧಕ್ಕೆ ನಿಲ್ಲಿಸಿಬಿಡಿ. ಮೂಗಿನಿಂದ ಬಂದಂಥ ಆ ದಪ್ಪ ಮಧ್ಯದ ದನಿ ಗಿಟಾರ್ ವಾದಕ ಮೈಕೆಲ್ ಶೆಂಕರ್ ಕೇಳಿದವರಿಗೆ ಗೊತ್ತು. ನನಗಂತೂ ಕಾಲು ಆಡಿಸುವುದಕ್ಕಿಂತ ಹೀಗೆ ನಿಲ್ಲಿಸುವುದೇ ಜಾಸ್ತಿ ಇಷ್ಟ.

ದನಿಯನ್ನು ಒರಟಾಗಿಸುವ ಡಿಸ್ಟಾರ್ಷನ್ ಪೆಡಲ್‌ಗೆ ಮೊದಲು ಇದನ್ನು ಇಟ್ಟರೆ ಹಾಡುವ ಗುಣ ಬರುತ್ತದೆ. ನಂತರ ಇಟ್ಟರೆ ಸಿಂಥ್ ಥರ ದೊಡ್ಡದಾಗಿ ಬೀಸುತ್ತದೆ, ಕಿವಿಗೆ ಚುಚ್ಚುವುದೂ ಉಂಟು. ಹಳೇ ಮಾದರಿಯ ಫಝ್ (ದನಿಯನ್ನು ಇನ್ನೂ ಒರಟಾಗಿಸುವ ಪೆಡಲ್) ಇದ್ದರೆ ಹುಷಾರು. ವಾ ಅದರ ಮುಂದೆ ಕೂತರೆ ಎರಡರ ವಿದ್ಯುತ್ ತಡೆ (ಇಂಪೀಡೆನ್ಸ್) ಹೊಂದದೆ ಕಿರುಚಾಡಬಹುದು.

ಇನ್ನು ಕಿರಿಕಿರಿಗಳು. ಎಲ್‌ಇಡಿ ಇಲ್ಲ. ಹಾಗಾಗಿ ಆನ್ ಆಗಿದೆಯೋ ಇಲ್ಲವೋ ಅನ್ನುವುದು ನುಡಿಸಿದಾಗಲೇ ಗೊತ್ತು. 9 ವೋಲ್ಟ್ ಬ್ಯಾಟರಿ ಬದಲಿಸಲು ಅಡಿಯ ತಟ್ಟೆಯನ್ನೇ ಬಿಚ್ಚಬೇಕು. ಅಡಾಪ್ಟರ್ ಹಾಕಿಕೊಳ್ಳಿ, ತಲೆನೋವಿಲ್ಲ. ಬ್ಯಾಟರಿಯೇ ಬೇಕೆಂದರೆ ನುಡಿಸದಿರುವಾಗ ಕೇಬಲ್ ಕಿತ್ತಿಡಿ. ಇನ್‌ಪುಟ್ ಜ್ಯಾಕ್‌ನಲ್ಲಿ ಕೇಬಲ್ ಇದ್ದಷ್ಟು ಹೊತ್ತೂ ಅದು ಖರ್ಚಾಗುತ್ತಿರುತ್ತದೆ. ದನಿಯ ಹರವು ಬದಲಿಸಲೂ ಆಗದು. ಅದು ಬೇಕಿದ್ದವರು ಹೆಚ್ಚು ಕೊಟ್ಟು ಡನ್‌ಲಪ್‌ನದೇ 535ಕ್ಯೂ ಪೆಡಲ್ ನೋಡಬಹುದು.

ಒಳಗಿನ ಪಾಟ್ (ಹಲಗೆ ಆಡಿದಂತೆ ತಿರುಗುವ ಪೊಟೆನ್ಶಿಯೊಮೀಟರ್) ಸವೆಯುವುದು ಈ ಬಗೆಯ ಯಾವ ವಾ-ವಾ ಪೆಡಲ್‌ಗೂ ತಪ್ಪಿದ್ದಲ್ಲ. ಬೆಂಗಳೂರಿನ ಧೂಳಲ್ಲಂತೂ ಬೇಗ 'ಕರಕರ' ಶುರು. ಕಾಂಟ್ಯಾಕ್ಟ್ ಕ್ಲೀನರ್ ಹೊಡೆದರೆ ಸ್ವಲ್ಪ ಕಾಲ ತಣ್ಣಗಿರುತ್ತದೆ, ಆಮೇಲೆ 100 ಕಿಲೋಓಮ್‌ನ ಹೊಸ ವಾ ಪಾಟ್ ಹಾಕಿಸಬೇಕು. ಗಟ್ಟಿ ಲೋಹದ ಮೈ ಮಾತ್ರ ಎಷ್ಟು ತುಳಿದರೂ ಜಗ್ಗುವುದಿಲ್ಲ. ಹಾಗಾಗಿ ಸೆಕೆಂಡ್ ಹ್ಯಾಂಡ್ ಧೈರ್ಯವಾಗಿ ಕೊಳ್ಳಬಹುದು. ಆದರೆ ದುಡ್ಡು ಕೊಡುವ ಮುಂಚೆ ಆಂಪ್‌ಗೆ ಹಾಕಿ, ತಂತಿ ಮೀಟದೆ ಪೆಡಲನ್ನು ಮೆಲ್ಲಗೆ ಹಿಂದೆ ಮುಂದೆ ಆಡಿಸಿ ನೋಡಿ. ಕರಕರ ಕೇಳಿಸಿದರೆ ಪಾಟ್‌ನ ಖರ್ಚು ಬೆಲೆಯಲ್ಲಿ ಮುರಿಸಿ.