ಪೀಣ್ಯದ ಕಾರ್ಖಾನೆಯೊಂದರಲ್ಲಿ ಎನರ್ಜಿ ಆಡಿಟ್: ಅಳತೆ ಅಚ್ಚುಕಟ್ಟು, ವರದಿ ಅರೆಬರೆ

ಪೀಣ್ಯ ಕೈಗಾರಿಕಾ ಪ್ರದೇಶದಲ್ಲಿ ಯಂತ್ರದ ಬಿಡಿಭಾಗಗಳನ್ನು ತಯಾರಿಸುವ ನಮ್ಮ ಘಟಕದಲ್ಲಿ ಕಳೆದ ವರ್ಷ ಎನರ್ಜಿ ಆಡಿಟ್, ಅಂದರೆ ವಿದ್ಯುತ್ತು ಎಲ್ಲಿ ಎಷ್ಟು ಖರ್ಚಾಗುತ್ತದೆ, ಎಲ್ಲಿ ಪೋಲಾಗುತ್ತದೆ ಎಂಬುದರ ತಪಾಸಣೆ, ಮಾಡಿಸಿದೆವು. ಅದನ್ನು ನಡೆಸಿಕೊಟ್ಟದ್ದು ಬೆಂಗಳೂರಿನದೇ ಒಂದು ಸಣ್ಣ ಸಲಹಾ ಸಂಸ್ಥೆ. ಸೇವೆಯಲ್ಲಿ ಮೆಚ್ಚತಕ್ಕದ್ದೂ ಇತ್ತು, ಆಕ್ಷೇಪಿಸತಕ್ಕದ್ದೂ ಇತ್ತು. ಆದ್ದರಿಂದ ಹೆಸರನ್ನು ಬದಿಗಿಟ್ಟು, ನಿರ್ವಹಣಾ ವಿಭಾಗದ ಹೊಣೆ ಹೊತ್ತವನಾಗಿ ನಾನು ಕಂಡದ್ದನ್ನು ಬರೆಯುತ್ತಿದ್ದೇನೆ. 2001ರ ಇಂಧನ ಸಂರಕ್ಷಣಾ ಕಾಯ್ದೆಯು ಸಿಮೆಂಟ್, ಉಕ್ಕು, ರಸಗೊಬ್ಬರದಂತಹ ಹೆಚ್ಚು ಇಂಧನ ಬಳಸುವ ಉದ್ಯಮಗಳಲ್ಲಿ ಗೊತ್ತುಪಡಿಸಿದ ದೊಡ್ಡ ಬಳಕೆದಾರರಿಗೆ ಮಾತ್ರ ಆಡಿಟ್ ಕಡ್ಡಾಯ ಮಾಡಿದೆ. ನಮ್ಮಂತಹ ಘಟಕ ಮಾಡಿಸಿದರೆ ಅದು ಮಾಲೀಕರ ಸ್ವಂತ ಇಚ್ಛೆ, ಸ್ವಂತ ಖರ್ಚು. ಹಾಗಾಗಿ ಕೊಟ್ಟ ಹಣಕ್ಕೆ ತಕ್ಕ ಕೆಲಸ ಸಿಕ್ಕಿತೇ ಎಂಬ ಪ್ರಶ್ನೆ ಇಲ್ಲಿ ಹೆಚ್ಚು ತೂಕದ್ದು.

ತಂಡದ ಮುಖ್ಯಸ್ಥರು ಇಂಧನ ದಕ್ಷತಾ ಬ್ಯೂರೋದ ಪರೀಕ್ಷೆಯಲ್ಲಿ ಉತ್ತೀರ್ಣರಾದ ಪ್ರಮಾಣಿತ ಆಡಿಟರ್. ಅವರು ಮೊದಲು ಕೇಳಿದ್ದು ಒಂದು ವರ್ಷದ ಬೆಸ್ಕಾಂ ಬಿಲ್ಲುಗಳನ್ನು. ನಮ್ಮದು ಎಚ್‌ಟಿ (ಹೈ ಟೆನ್ಷನ್, ಅಂದರೆ ಅಧಿಕ ವೋಲ್ಟೇಜಿನ) ಸಂಪರ್ಕ. ಬಳಸಿದ ಯೂನಿಟ್ಟುಗಳ ಜೊತೆಗೆ ತಿಂಗಳ ಗರಿಷ್ಠ ಬೇಡಿಕೆಗೂ (ಆ ತಿಂಗಳಲ್ಲಿ ಒಮ್ಮೆಗೇ ಎಳೆದ ಅತಿ ಹೆಚ್ಚು ವಿದ್ಯುತ್ತಿಗೂ) ಕೆವಿಎ ಎಂಬ ಅಳತೆಯ ಲೆಕ್ಕದಲ್ಲಿ ಹಣ ಕಟ್ಟಬೇಕು. ಬೆಳಗಿನ ಪಾಳಿ ಶುರುವಾಗುವಾಗ ಯಂತ್ರಗಳಿಗೆ ಒತ್ತಡದ ಗಾಳಿ ಒದಗಿಸುವ ಎರಡು ಕಂಪ್ರೆಸರ್‌ಗಳನ್ನೂ, ಲೋಹವನ್ನು ಕಾಯಿಸಿ ಹದಗೊಳಿಸುವ ಹೀಟ್ ಟ್ರೀಟ್‌ಮೆಂಟ್ ಕುಲುಮೆಯನ್ನೂ ಒಟ್ಟಿಗೆ ಚಾಲೂ ಮಾಡುವ ರೂಢಿಯಿಂದ ಬೇಡಿಕೆ ಕೆಲವೇ ನಿಮಿಷ ಮೇಲೇರುತ್ತಿತ್ತು, ಆ ಏರಿಕೆಯ ಮೇಲೆಯೇ ಇಡೀ ತಿಂಗಳ ಬೇಡಿಕೆ ಶುಲ್ಕ ನಿಲ್ಲುತ್ತಿತ್ತು. ಕುಲುಮೆಯನ್ನು ಮೊದಲು ಬಿಸಿ ಮಾಡಿಕೊಂಡು, ಅದು ತಾಪಮಾನಕ್ಕೆ ಬಂದ ಬಳಿಕ ಎರಡನೆಯ ಕಂಪ್ರೆಸರ್ ಹಾಕಿ ಎಂದು ಅವರು ಹೇಳಿದ ಬದಲಾವಣೆಗೆ ಒಂದು ರೂಪಾಯಿಯೂ ಖರ್ಚಾಗಲಿಲ್ಲ. ಪವರ್ ಫ್ಯಾಕ್ಟರ್ (ಎಳೆದ ವಿದ್ಯುತ್ತಿನಲ್ಲಿ ನಿಜವಾಗಿ ಕೆಲಸಕ್ಕೆ ಬರುವ ಪಾಲು) 0.90ಕ್ಕಿಂತ ಇಳಿದರೆ ದಂಡ ಬೀಳುತ್ತದೆಂದು, ಅದನ್ನು ಇಳಿಯದಂತೆ ಕಾಯುವ ಕೆಪಾಸಿಟರ್ ಪ್ಯಾನೆಲ್‌ನ ಒಂದೊಂದು ಹಂತಕ್ಕೂ ಕ್ಲಾಂಪ್ ಮೀಟರ್ ಹಾಕಿ ನೋಡಿದರು. ಪ್ಯಾನೆಲ್‌ನ ಬಾಗಿಲಲ್ಲಿ ದೀಪ ಉರಿಯುತ್ತಿದ್ದರೂ ಒಳಗೆ ಕರೆಂಟನ್ನೇ ಎಳೆಯದ ಕೆಪಾಸಿಟರ್‌ಗಳು ಹೀಗೆ ಸಿಕ್ಕಿಬಿದ್ದವು.

ಇಡೀ ಆಡಿಟ್‌ನಲ್ಲಿ ನನಗೆ ಅತ್ಯಂತ ಬೆಲೆಯುಳ್ಳದ್ದೆನಿಸಿದ್ದು ಭಾನುವಾರ ನಡೆದ ಗಾಳಿ ಸೋರಿಕೆಯ ಪರೀಕ್ಷೆ. ಕಾರ್ಖಾನೆ ಪೂರ್ತಿ ನಿಂತಿರುವಾಗ, ಗಾಳಿ ಬಳಸುವ ಯಾವ ಯಂತ್ರವೂ ನಡೆಯದಿರುವಾಗ, ಕಂಪ್ರೆಸರ್ ಒಂದನ್ನೇ ಚಾಲೂ ಮಾಡಿ ಅದು ಎಷ್ಟು ಹೊತ್ತು ಲೋಡ್‌ನಲ್ಲಿರುತ್ತದೆ (ಗಾಳಿ ಒತ್ತುತ್ತದೆ), ಎಷ್ಟು ಹೊತ್ತು ಅನ್‌ಲೋಡ್ ಆಗುತ್ತದೆ (ಗಾಳಿ ಒತ್ತದೆ ಬರಿದೇ ತಿರುಗುತ್ತದೆ) ಎಂದು ಸ್ಟಾಪ್‌ವಾಚ್ ಹಿಡಿದು ಬರೆದುಕೊಳ್ಳುವುದಷ್ಟೇ ಈ ಪರೀಕ್ಷೆ. ಲೋಡ್ ಸಮಯವನ್ನು ಒಟ್ಟು ಸಮಯದಿಂದ ಭಾಗಿಸಿದರೆ, ಕಂಪ್ರೆಸರ್‌ನ ಸಾಮರ್ಥ್ಯದಲ್ಲಿ ಎಷ್ಟು ಪಾಲು ಸೋರಿಕೆಗೇ ಹೋಗುತ್ತಿದೆ ಎಂಬುದು ತಿಳಿಯುತ್ತದೆ. ನಮ್ಮಲ್ಲಿ ಪ್ರತಿ ಹತ್ತು ನಿಮಿಷದಲ್ಲಿ ಸುಮಾರು ಮೂರು ನಿಮಿಷ ಕಂಪ್ರೆಸರ್ ಲೋಡ್‌ನಲ್ಲಿತ್ತು. ಒಬ್ಬನೂ ಕೆಲಸ ಮಾಡದ ದಿನ ಅದು ಸಾಮರ್ಥ್ಯದ ಶೇಕಡ 30ರಷ್ಟನ್ನು ಸೋರಿಕೆಗೆಂದೇ ದುಡಿಯುತ್ತಿತ್ತು. ಸ್ಕ್ರೂ ಕಂಪ್ರೆಸರ್ ಅನ್‌ಲೋಡ್ ಆದಾಗಲೂ ಪೂರ್ಣ ಲೋಡಿನ ಕಾಲು ಭಾಗಕ್ಕೂ ಹೆಚ್ಚು ವಿದ್ಯುತ್ ಎಳೆಯಬಲ್ಲದು ಎಂಬುದನ್ನು ಇದಕ್ಕೆ ಸೇರಿಸಿಕೊಂಡರೆ ನಷ್ಟದ ಪೂರ್ಣ ಚಿತ್ರ ಸಿಗುತ್ತದೆ. ಬಳಿಕ ಸೋಪಿನ ನೀರು ಹಿಡಿದು ಲೈನಿನುದ್ದಕ್ಕೂ ನಡೆದೆವು. ಕ್ವಿಕ್ ಕಪ್ಲಿಂಗ್‌ಗಳಲ್ಲಿ, ಏರ್ ಗನ್‌ನ ಪೈಪು ಸೇರುವ ಕ್ಲಿಪ್‌ಗಳಲ್ಲಿ, ಫಿಲ್ಟರ್ ಬಟ್ಟಲಿನ ತಳದಲ್ಲಿ ನೊರೆ ಉಬ್ಬಿತು. "ಸಾರ್, ಈ ಡ್ರೈನ್ ವಾಲ್ವ್ ಮಳೆಗಾಲದಿಂದಲೂ ಸುಯ್ ಅಂತಾನೇ ಇದೆ, ಕೆಲಸ ನಡೀವಾಗ ಶಬ್ದಕ್ಕೆ ಕೇಳ್ಸಲ್ಲ ಅಷ್ಟೆ" ಎಂದು ಜೊತೆಗಿದ್ದ ಆಪರೇಟರ್ ಹೇಳಿದಾಗ ಆಡಿಟರ್ ಅದನ್ನು ಅವರ ಹೆಸರಿನೊಂದಿಗೇ ಬರೆದುಕೊಂಡರು. ಏಳು ಬಾರ್ ಒತ್ತಡದಲ್ಲಿ 3 ಮಿಲಿಮೀಟರ್ ತೂತೊಂದು 3ರಿಂದ 4 ಕಿಲೋವ್ಯಾಟ್ ನುಂಗುತ್ತದೆ. ಮುಚ್ಚಲು ಬೇಕಾದದ್ದು ಒಂದು ವಾಷರ್ ಅಥವಾ ಒಂದು ಸುತ್ತು ಟೆಫ್ಲಾನ್ ಟೇಪು.

ಒತ್ತಡದ ವಿಷಯದಲ್ಲೂ ಅವರ ಕೆಲಸ ಗಟ್ಟಿಯಾಗಿತ್ತು. ದೂರದ ಮೂಲೆಯ ಯಂತ್ರಕ್ಕೆ ಗಾಳಿ ಸಾಲದೆಂದು ಕಂಪ್ರೆಸರ್‌ನ ಒತ್ತಡವನ್ನೇ ಏರಿಸುತ್ತ ಬಂದಿದ್ದ ಕಡೆ, ಆ ಯಂತ್ರದ ಫಿಲ್ಟರ್ ಕಟ್ಟಿಕೊಂಡಿರುವುದನ್ನು ತೋರಿಸಿಕೊಟ್ಟರು. ಒತ್ತಡವನ್ನು ಒಂದು ಬಾರ್ ಇಳಿಸಿದರೆ ವಿದ್ಯುತ್ತಿನಲ್ಲಿ ಶೇಕಡ 6ರಿಂದ 7ರಷ್ಟು ಉಳಿತಾಯವಾಗುತ್ತದೆ. ಇಳಿಸುವುದನ್ನೂ ಸ್ವಲ್ಪಸ್ವಲ್ಪವಾಗಿ, ಪ್ರತಿ ಹಂತದಲ್ಲೂ, ಯಂತ್ರದಲ್ಲಿ ಬಿಡಿಭಾಗವನ್ನು ಹಿಡಿದಿಡುವ ಚಕ್‌ನ ಹಿಡಿತ ಪರೀಕ್ಷಿಸಿಯೇ ಮಾಡಿಸಿದರು. ಬೆಂಗಳೂರು ಸಮುದ್ರ ಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿರುವುದರಿಂದ ಇಲ್ಲಿನ ಗಾಳಿಯ ಸಾಂದ್ರತೆ ಸುಮಾರು ಹತ್ತನೇ ಒಂದು ಭಾಗ ಕಡಿಮೆ. ಕಂಪ್ರೆಸರ್‌ನ ನಾಮಫಲಕದಲ್ಲಿ ಬರೆದ ಸಾಮರ್ಥ್ಯವನ್ನು ಹಾಗೆಯೇ ಎತ್ತಿಕೊಳ್ಳದೆ ಈ ತಿದ್ದುಪಡಿ ಮಾಡಿದ್ದನ್ನು ಕಂಡು, ಇವರು ಲೆಕ್ಕ ಬಲ್ಲವರೆಂದು ನನಗೆ ಖಾತ್ರಿಯಾಯಿತು.

ಇಷ್ಟು ಚೆನ್ನಾಗಿ ಅಳತೆ ಮಾಡಿದವರಿಂದ ಬಂದ ವರದಿಯೇ ನಿರಾಸೆ ತಂದಿತು. ದಪ್ಪ ಪುಸ್ತಕದಂತಿದ್ದ ಅದರ ಅರ್ಧದಷ್ಟು ಪುಟಗಳು ಯಾವ ಕಾರ್ಖಾನೆಗೆ ಬೇಕಾದರೂ ಹೊಂದುವಂತಹವು: ಎಲ್‌ಇಡಿ ಹಾಕಿ, ಚಾವಣಿಯ ಮೇಲೆ ಸೋಲಾರ್ ಹಾಕಿ, ಹಳೆಯ ಮೋಟಾರ್‌ಗಳನ್ನೆಲ್ಲ ತೆಗೆದು ಐಇ3 ಎಂಬ ಹೆಚ್ಚು ದಕ್ಷತೆಯ ದರ್ಜೆಯ ಮೋಟಾರ್ ಹಾಕಿ. ಮೋಟಾರ್‌ಗಳ ಪಟ್ಟಿಯಲ್ಲಿ ಎರಡು ಪಾಳಿ ದುಡಿಯುವ ಮೋಟಾರನ್ನೂ, ದಿನಕ್ಕೆ ಅರ್ಧ ಗಂಟೆಯೂ ನಡೆಯದ ಮೋಟಾರನ್ನೂ ಒಂದೇ ತಕ್ಕಡಿಯಲ್ಲಿ ತೂಗಿದ್ದರು. ಹಲವು ಸಲ ರಿವೈಂಡಿಂಗ್ ಆದ, ಹಗಲಿರುಳು ತಿರುಗುವ ಮೋಟಾರನ್ನು ಬದಲಿಸುವುದು ವಿವೇಕ. ಉಳಿದವನ್ನು ಕೆಟ್ಟಾಗ ಬದಲಿಸಿದರೆ ಸಾಕು. ಈ ವಿಂಗಡಣೆಯನ್ನು ನಾವೇ ಮಾಡಿಕೊಳ್ಳಬೇಕಾಯಿತು.

ಇದಕ್ಕಿಂತ ಗಂಭೀರವಾದ ತಪ್ಪು ಓವರ್‌ಹೆಡ್ ಟ್ಯಾಂಕಿಗೆ ನೀರೆತ್ತುವ ಪಂಪಿಗೆ ಸಂಬಂಧಿಸಿದ್ದು. ಅದಕ್ಕೆ ವಿಎಫ್‌ಡಿ (ಮೋಟಾರಿನ ವೇಗವನ್ನು ಹೆಚ್ಚುಕಡಿಮೆ ಮಾಡುವ ಸಾಧನ) ಹಾಕಿ ವೇಗವನ್ನು ಶೇಕಡ 80ಕ್ಕೆ ಇಳಿಸಿದರೆ ವಿದ್ಯುತ್ ಬಳಕೆ ಸುಮಾರು ಶೇಕಡ 51ಕ್ಕೆ ಇಳಿಯುತ್ತದೆ ಎಂದು ಬರೆದಿದ್ದರು. ಬಳಕೆ ವೇಗದ ಘನಕ್ಕೆ ಅನುಗುಣವಾಗಿ ಇಳಿಯುತ್ತದೆಂಬ ನಿಯಮ ಫ್ಯಾನಿಗೆ, ಪೈಪಿನ ಘರ್ಷಣೆಯನ್ನಷ್ಟೇ ಎದುರಿಸುವ ಪಂಪಿಗೆ ಸರಿಹೊಂದುತ್ತದೆ. ನೀರನ್ನು ಇಂತಿಷ್ಟು ಎತ್ತರಕ್ಕೆ ಏರಿಸಲೇಬೇಕಾದ ಪಂಪಿನಲ್ಲಿ ವೇಗ ಇಳಿದಂತೆ ನೀರು ಏರುವುದೇ ಕಡಿಮೆಯಾಗಿ, ಒಂದು ಹಂತದಲ್ಲಿ ನಿಂತೇ ಹೋಗುತ್ತದೆ, ಮೋಟಾರ್ ಮಾತ್ರ ತಿರುಗುತ್ತಿರುತ್ತದೆ. ಪ್ರಶ್ನಿಸಿದಾಗ ಆಡಿಟರ್ ಒಪ್ಪಿಕೊಂಡು ಆ ಪುಟವನ್ನು ತಿದ್ದಿ ಕಳುಹಿಸಿದರು. ಪ್ರಶ್ನಿಸುವವರಿಲ್ಲದ ಕಾರ್ಖಾನೆಯಲ್ಲಿ ಅದೇ ಪುಟ ನೋಡಿ ಮಾಲೀಕರು ಹಣ ಸುರಿಯುತ್ತಿದ್ದರು ಎಂಬ ಯೋಚನೆ ನನ್ನನ್ನು ಇಂದಿಗೂ ಕಾಡುತ್ತದೆ.

ಕುಲುಮೆಯ ಬಾಗಿಲಿನ ಸೀಲು, ಗೋಡೆಯ ಹೊರಮೈ ತಾಪಮಾನ ಇವುಗಳ ಕುರಿತು ಬರೆದದ್ದು ಸಮರ್ಪಕವಾಗಿತ್ತು. ಆದರೆ ಉಳಿತಾಯವನ್ನು ಮುಂದೆ ಹೇಗೆ ಅಳೆಯಬೇಕು ಎಂಬುದರ ಬಗ್ಗೆ ವರದಿಯಲ್ಲಿ ಒಂದು ಸಾಲೂ ಇರಲಿಲ್ಲ. ಆರ್ಡರ್ ಕಡಿಮೆಯಾದ ತಿಂಗಳು ಬಿಲ್ಲು ತಾನಾಗಿಯೇ ಇಳಿಯುತ್ತದೆ. ಅದನ್ನು ಉಳಿತಾಯವೆಂದು ಎಣಿಸಿದರೆ ಏನೂ ತಿಳಿದಂತಾಗುವುದಿಲ್ಲ. ಒಂದು ಟನ್ ಮಾಲಿಗೆ ಎಷ್ಟು ಯೂನಿಟ್ ಎಂಬ ಲೆಕ್ಕ ಬೇಕು, ಅದಕ್ಕೆ ಕಂಪ್ರೆಸರ್ ಕೋಣೆಗೂ ಕುಲುಮೆಗೂ ಪ್ರತ್ಯೇಕ ಮೀಟರ್ ಬೇಕು. ಇಂಧನ ನಿರ್ವಹಣೆಯ ಅಂತರರಾಷ್ಟ್ರೀಯ ಮಾನದಂಡವಾದ ಐಎಸ್‌ಒ 50001ರ ತಿರುಳೇ ಈ ಆಧಾರರೇಖೆ (ಮುಂದೆ ಹೋಲಿಸಿ ನೋಡಲು ಮೊದಲೇ ಗುರುತಿಸಿಟ್ಟ ಲೆಕ್ಕ) ಮತ್ತು ಅದರ ನಿರಂತರ ಪರಿಶೀಲನೆ. ಪ್ರಮಾಣಪತ್ರ ಪಡೆಯುವ ಉದ್ದೇಶವಿಲ್ಲದ ಘಟಕಕ್ಕೂ ಇದು ಅಷ್ಟೇ ಅಗತ್ಯ. ಈಗ ನಾವು ಆ ಎರಡು ಮೀಟರ್‌ಗಳನ್ನು ಹಾಕಿಸಿದ್ದೇವೆ, ಪಾಳಿ ಬದಲಾಗುವಾಗ ಆಪರೇಟರ್‌ಗಳೇ ಓದಿ ಪುಸ್ತಕದಲ್ಲಿ ಬರೆಯುತ್ತಾರೆ.

ಪೀಣ್ಯ, ರಾಜಾಜಿನಗರ, ಬೊಮ್ಮಸಂದ್ರದ ಸಣ್ಣ ಮತ್ತು ಮಧ್ಯಮ ಘಟಕಗಳಿಗೆ ಈ ಬಗೆಯ ಸೇವೆಯನ್ನು ನಾನು ಖಂಡಿತವಾಗಿ ಶಿಫಾರಸು ಮಾಡುತ್ತೇನೆ. ಆದರೆ ಕೆಲಸ ವಹಿಸುವ ಪತ್ರದಲ್ಲೇ ಮೂರು ಷರತ್ತುಗಳನ್ನು ಬರೆಸಿಕೊಳ್ಳಿ: ಕಾರ್ಖಾನೆ ನಿಂತಿರುವ ದಿನವೂ ಒಮ್ಮೆ ಅಳತೆ ಮಾಡಬೇಕು, ಬಂಡವಾಳ ಬೇಡುವ ಪ್ರತಿ ಸಲಹೆಗೂ ನಾಮಫಲಕದ ಅಂಕಿಯ ಬದಲು ಅಳೆದ ಲೋಡ್ ಮತ್ತು ನಡೆಯುವ ಗಂಟೆಗಳನ್ನು ಆಧಾರವಾಗಿಡಬೇಕು, ಸಲಹೆಗಳು ಜಾರಿಯಾದ ಮೇಲೆ ಅದೇ ತಂಡ ಮರಳಿ ಬಂದು, ಅದೇ ಜಾಗದಲ್ಲಿ, ಅದೇ ಮೀಟರಿನಿಂದ ಮತ್ತೊಮ್ಮೆ ಅಳೆಯಬೇಕು. ಶುಲ್ಕದ ಒಂದು ಪಾಲನ್ನು ಆ ಮರು ಅಳತೆ ಮುಗಿಯುವವರೆಗೆ ಉಳಿಸಿಕೊಳ್ಳುವುದು ಉಭಯತರಿಗೂ ನ್ಯಾಯ.