ತಿಂಗಳ ಫೀಸಿನ ಪಿಎಫ್–ಇಎಸ್‌ಐ ಸೇವೆ: ಚಲನ್ ಪಾಸು, ಸಂಬಳದ ಪಟ್ಟಿ ಫೇಲು

ಮೈಸೂರಿನ ಹೆಬ್ಬಾಳ, ಹೂಟಗಳ್ಳಿ, ಮಂಡ್ಯದ ತೂಬಿನಕೆರೆ ಕಡೆಯ ಸಣ್ಣ ಘಟಕಗಳಿಗೆ ಪಿಎಫ್ (ಭವಿಷ್ಯನಿಧಿ), ಇಎಸ್‌ಐ (ಕಾರ್ಮಿಕರ ವಿಮೆ), ವೃತ್ತಿ ತೆರಿಗೆ, ವರ್ಷಕ್ಕೊಮ್ಮೆ ಕಂಪನಿ ರಿಟರ್ನ್ ಎಲ್ಲವನ್ನೂ ತಿಂಗಳ ಫೀಸಿಗೆ ಮಾಡಿಕೊಡುವ ಒಂದು ಕನ್ಸಲ್ಟೆನ್ಸಿಯ ಪ್ಯಾಕೇಜ್ ಬಗ್ಗೆ ಈ ವಿಮರ್ಶೆ. ಹೆಸರು ಹಾಕಿಲ್ಲ. ಇದರ ಗುಣ-ದೋಷಗಳೇ ಇಂಥ ಬೇರೆ ಪ್ಯಾಕೇಜ್‌ಗಳಲ್ಲೂ ಕಾಣುತ್ತವೆ.

ಮೊದಲು ಮೆಚ್ಚುವಂಥದ್ದು. 5ನೇ ತಾರೀಖಿನೊಳಗೆ ಹಾಜರಿ, ಸಂಬಳದ ಪಟ್ಟಿ ಕಳಿಸಿದರೆ ಪಿಎಫ್, ಇಎಸ್‌ಐ ಚಲನ್ 15ರೊಳಗೆ, ವೃತ್ತಿ ತೆರಿಗೆ 20ರೊಳಗೆ ತಪ್ಪದೆ ಮುಗಿಯುತ್ತದೆ. ಇದು ಸಣ್ಣ ಮಾತಲ್ಲ. ಪಿಎಫ್ ತಡವಾದರೆ ವರ್ಷಕ್ಕೆ ಶೇ 12 ಬಡ್ಡಿ, ಅದರ ಮೇಲೆ ತಿಂಗಳಿಗೆ ಶೇ 1 ದಂಡ. ದಸರಾ ರಜೆ ಬಂತೆಂದು 15ನೇ ತಾರೀಖು ಮುಂದಕ್ಕೆ ಹೋಗುವುದಿಲ್ಲ. ಹೊಸಬರಿಗೆ ಯುಎಎನ್ (ಪಿಎಫ್‌ನ ಕಾಯಂ ಸಂಖ್ಯೆ) ಮಾಡಿಸುವುದರಲ್ಲೂ ಇವರು ಚುರುಕು. 2025ರ ಆಗಸ್ಟ್‌ನಿಂದ ಅದಕ್ಕೆ ಸರ್ಕಾರದ ಉಮಂಗ್ ಆ್ಯಪ್‌ನಲ್ಲಿ ಮುಖ ತೋರಿಸಬೇಕು. ಆಧಾರ್‌ನಲ್ಲಿ ಹಳೆಯ ಫೋಟೊ ಇರುವವರದು ಇಲ್ಲೇ ಸಿಕ್ಕಿಕೊಳ್ಳುತ್ತದೆ. ಕೆಲಸಕ್ಕೆ ಸೇರಿದ ದಿನವೇ ಮಾಡಿಸಿ ಎಂದು ಇವರು ಒತ್ತಾಯಿಸುವುದು ಸರಿ.

ಆದರೆ ಪಟ್ಟಿಯಲ್ಲಿ ಏನಿದೆಯೋ ಅದನ್ನು ಹಾಗೇ ಅಪ್‌ಲೋಡ್ ಮಾಡುತ್ತಾರೆ, ಒಂದು ಪ್ರಶ್ನೆಯನ್ನೂ ಕೇಳುವುದಿಲ್ಲ. 2025ರ ನವೆಂಬರ್ 21ರಂದು ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದ ಮೇಲೆ ಇದೇ ದೊಡ್ಡ ಕೊರತೆ. ಒಬ್ಬರ ಸಂಬಳ 18,000 ಅಂದುಕೊಳ್ಳಿ: ಬೇಸಿಕ್ ಮತ್ತು ಡಿಎ (ತುಟ್ಟಿಭತ್ಯೆ) 8,000, ಮನೆ ಬಾಡಿಗೆ ಭತ್ಯೆ 6,000, ಓಡಾಟದ ಭತ್ಯೆ 4,000. ಈ ಸಂಹಿತೆಗಳ ಪ್ರಕಾರ, ವೇತನದ ಲೆಕ್ಕದಿಂದ ಹೊರಗಿಡುವ ಭತ್ಯೆಗಳು ಒಟ್ಟು ಸಂಬಳದ ಅರ್ಧ, ಅಂದರೆ 9,000 ದಾಟುವಂತಿಲ್ಲ. ಇಲ್ಲಿ 10,000 ಇದೆ. ಹೆಚ್ಚಾದ 1,000 ವೇತನಕ್ಕೆ ಸೇರಿ ಅದು 9,000 ಆಗುತ್ತದೆ. ಶೇ 12ರಂತೆ ಪಿಎಫ್ 960 ಅಲ್ಲ, 1,080. ಮಾಲೀಕರ ಪಾಲೂ ಅಷ್ಟೇ ಏರುತ್ತದೆ. ಗ್ರ್ಯಾಚುಟಿ (ಕೆಲಸ ಬಿಡುವಾಗ ಕೊಡುವ ಇಡುಗಂಟು) ಲೆಕ್ಕವೂ ಇದರ ಹಿಂದೆಯೇ ಬರುತ್ತದೆ. ಬೇಸಿಕ್ ಈಗಾಗಲೇ ಪಿಎಫ್ ಮಿತಿಯಾದ 15,000 ದಾಟಿದ್ದು, ಆ ಮಿತಿಯ ಮೇಲಷ್ಟೇ ಪಿಎಫ್ ಕಟ್ಟುತ್ತಿರುವವರಿಗೆ ಪಿಎಫ್‌ನಲ್ಲಿ ವ್ಯತ್ಯಾಸವಿಲ್ಲ. ಪೆಟ್ಟು ಬೀಳುವುದು ಬೇಸಿಕ್ ಕಡಿಮೆ ತೋರಿಸಿ ಭತ್ಯೆ ಉಬ್ಬಿಸಿದ ಕಡೆ. ಸಣ್ಣ ಘಟಕಗಳಲ್ಲಿ ಅಂಥ ಪಟ್ಟಿಗಳೇ ಜಾಸ್ತಿ.

ಇನ್ನೊಂದು ತೊಡಕು ಪ್ಯಾಕೇಜ್‌ನ ರೂಪದಲ್ಲೇ ಇದೆ. ಕೆಲಸ ಬಿಟ್ಟವರ ವೇತನದ ಲೆಕ್ಕವನ್ನು ಎರಡು ಕೆಲಸದ ದಿನಗಳಲ್ಲಿ ಚುಕ್ತಾ ಮಾಡಬೇಕು ಎನ್ನುತ್ತದೆ ವೇತನ ಸಂಹಿತೆ. ತಿಂಗಳಿಗೊಮ್ಮೆ ಪಟ್ಟಿ ತೆರೆಯುವ ಕಚೇರಿಗೆ, 12ಕ್ಕೆ ಬಿಟ್ಟುಹೋದವರ ಸುದ್ದಿ ಮುಟ್ಟುವುದೇ ಮುಂದಿನ 5ಕ್ಕೆ. ನಡುವೆ ಬರುವ ಇಂಥ ಚುಕ್ತಾಗಳಿಗೆ ಬೇರೆ ಫೀಸು ಎಷ್ಟು, ಎಷ್ಟು ಗಂಟೆಯಲ್ಲಿ ಮಾಡಿಕೊಡುತ್ತೀರಿ ಎಂದು ಕರಾರಿನಲ್ಲೇ ಬರೆಸಿಕೊಳ್ಳಿ. ನಿಗದಿತ ಅವಧಿಗೆ ಸೇರಿಸಿಕೊಂಡವರಿಗೆ ಈಗ ಒಂದು ವರ್ಷಕ್ಕೇ ಗ್ರ್ಯಾಚುಟಿ ಬರುತ್ತದೆ. ಪ್ಯಾಕೇಜ್‌ನ ನೇಮಕಾತಿ ಪತ್ರದ ನಮೂನೆಯಲ್ಲಿ ಆ ಸಾಲೇ ಇಲ್ಲ.

ಇಎಸ್‌ಐನಲ್ಲಿ ಮಾಡುವ ತಪ್ಪು ಹಳೆಯದೇ. ಜೂನ್‌ನಲ್ಲಿ ಇನ್‌ಕ್ರಿಮೆಂಟ್ ಸಿಕ್ಕಿ ಸಂಬಳ ಇಎಸ್‌ಐ ಮಿತಿಯಾದ 21,000 ದಾಟಿದ ಕೂಡಲೇ ಹೆಸರು ತೆಗೆದುಬಿಡುತ್ತಾರೆ. ಏಪ್ರಿಲ್–ಸೆಪ್ಟೆಂಬರ್ ಒಂದು ಅವಧಿ, ಅಕ್ಟೋಬರ್–ಮಾರ್ಚ್ ಇನ್ನೊಂದು. ಶುರುವಾದ ಅವಧಿ ಮುಗಿಯುವವರೆಗೂ ಕಾರ್ಮಿಕರ ಶೇ 0.75, ಮಾಲೀಕರ ಶೇ 3.25 ಕಟ್ಟಲೇಬೇಕು. ಹಬ್ಬದ ಸೀಸನ್‌ಗೆ ಜನ ಸೇರಿಸಿದಾಗ ತಲೆ ಎಣಿಸುವವರೂ ಇಲ್ಲ. 10 ಆದರೆ ಇಎಸ್‌ಐ, 20 ಆದರೆ ಪಿಎಫ್. ಕಂಟ್ರ್ಯಾಕ್ಟ್ ಮೇಲೆ ಬರುವ ಲೋಡಿಂಗ್‌ನವರು, ವಾಚ್‌ಮನ್ ಎಲ್ಲರೂ ಲೆಕ್ಕಕ್ಕೆ. ಒಮ್ಮೆ ಒಳಗೆ ಬಂದರೆ, ಆಮೇಲೆ ಜನ ಕಮ್ಮಿಯಾದರೂ ಹೊರಗೆ ಹೋಗಲಾಗದು.

ವೃತ್ತಿ ತೆರಿಗೆಯಲ್ಲಿ ಒಂದು ಚಿಲ್ಲರೆ ತಕರಾರು: 25,000 ಮತ್ತು ಮೇಲ್ಪಟ್ಟವರಿಗೆ ಫೆಬ್ರವರಿಯಲ್ಲಿ 200 ಅಲ್ಲ, 300 ಹಿಡಿಯಬೇಕು. ಸಾಫ್ಟ್‌ವೇರ್‌ನಲ್ಲಿ ಬದಲಾಗಿದೆಯೇ ನೋಡಿಕೊಳ್ಳಿ.

ಕಂಪನಿ ಕಾನೂನಿನ ಭಾಗ ಮಿಶ್ರ. ಸೆಪ್ಟೆಂಬರ್ 30ಕ್ಕೆ ವಾರ್ಷಿಕ ಸಭೆ ನಡೆದರೆ ಎಒಸಿ-4 (ಲೆಕ್ಕಪತ್ರಗಳ ಫಾರಂ) ಸಲ್ಲಿಸಲು 30 ದಿನ, ಎಂಜಿಟಿ-7ಎಗೆ (ಸಣ್ಣ ಕಂಪನಿಯ ವಾರ್ಷಿಕ ರಿಟರ್ನ್) 60 ದಿನ. ತಪ್ಪಿದರೆ ಒಂದೊಂದು ಫಾರಂಗೂ ದಿನಕ್ಕೆ 100 ರೂಪಾಯಿ, ಮೇಲ್ಮಿತಿ ಇಲ್ಲ. ಇವೆರಡನ್ನು ಸಮಯಕ್ಕೆ ಮಾಡುತ್ತಾರೆ. ಆದರೆ 2025ರ ಡಿಸೆಂಬರ್ 1ರಿಂದ ಸಣ್ಣ ಕಂಪನಿಯ ಮಿತಿ 10 ಕೋಟಿ ಬಂಡವಾಳ, 100 ಕೋಟಿ ವಹಿವಾಟಿಗೆ ಏರಿದ್ದನ್ನು ತಾವಾಗಿ ಹೇಳಲಿಲ್ಲ. ಮಂಡ್ಯದ ಅಕ್ಕಿ ಗಿರಣಿಯಂಥ, ಜನ ಕಡಿಮೆ ವಹಿವಾಟು ಜಾಸ್ತಿ ಇರುವ ಕಂಪನಿಗೆ ಇದು ನಿಜವಾದ ಲಾಭ: 60 ಕೋಟಿ ವಹಿವಾಟಿನ ಗಿರಣಿಗೂ, ಅದು ಬೇರೊಂದರ ಹೋಲ್ಡಿಂಗ್ (ಒಡೆತನದ) ಅಥವಾ ಸಬ್ಸಿಡಿಯರಿ (ಅಧೀನ) ಕಂಪನಿ ಅಲ್ಲದಿದ್ದರೆ, ಎಂಜಿಟಿ-7ಎ ಎಂಬ ಚಿಕ್ಕ ನಮೂನೆ ಸಾಕು.

ಎಂಎಸ್‌ಎಂಇ-1 ಫಾರಂ ಅಂತೂ ಯಾರ ಪಾಲಿನದೂ ಅಲ್ಲ. ಸಣ್ಣ ಪೂರೈಕೆದಾರರಿಗೆ 45 ದಿನ ಮೀರಿ ಬಾಕಿ ಉಳಿಸಿಕೊಂಡ ಕಂಪನಿ ಏಪ್ರಿಲ್ 30, ಅಕ್ಟೋಬರ್ 31ರೊಳಗೆ ಅದನ್ನು ಸಲ್ಲಿಸಬೇಕು. ಕನ್ಸಲ್ಟೆಂಟ್ ಅದು ಆಡಿಟರ್ ಕೆಲಸ ಅಂತಾರೆ, ಆಡಿಟರ್ ನಮ್ಮನ್ನು ಯಾರೂ ಕೇಳಲಿಲ್ಲ ಅಂತಾರೆ.

20ರಿಂದ 50 ಜನರಿರುವ ಘಟಕಕ್ಕೆ, ಈಗಿನ ಸ್ಥಿತಿಯಲ್ಲಿ, ಐದಕ್ಕೆ ಮೂರು ಅಂಕ. ಹತ್ತಕ್ಕಿಂತ ಕಡಿಮೆ ಜನರಿದ್ದರೆ ಈ ಫೀಸು ವ್ಯರ್ಥ. ತೆಗೆದುಕೊಳ್ಳುವುದಾದರೆ ಚಲನ್ ಮೊತ್ತ ಮಾತ್ರ ನೋಡಿ ಸುಮ್ಮನಾಗಬೇಡಿ. ಯಾರಿಗೆ ಎಷ್ಟು ಪಿಎಫ್ ಕಟ್ಟಿದೆ ಎಂದು ಹೆಸರುಸಹಿತ ತೋರಿಸುವ ಇಸಿಆರ್ ಪ್ರತಿಯನ್ನೂ ಪ್ರತಿ ತಿಂಗಳು ಕೇಳಿ ಪಡೆಯಿರಿ. ಪಿಎಫ್, ಇಎಸ್‌ಐ ಲಾಗಿನ್‌ಗಳಿಗೆ ಮಾಲೀಕರ ಮೊಬೈಲ್ ನಂಬರೇ ಇರಲಿ, ಡಿಜಿಟಲ್ ಸಹಿಯ ಟೋಕನ್ ನಿಮ್ಮ ಬೀರುವಿನಲ್ಲೇ ಇರಲಿ. ಕನ್ಸಲ್ಟೆಂಟ್ ನಂಬರ್ ಹಾಕಿಸಿದ್ದರೆ, ಅವರನ್ನು ಬಿಟ್ಟ ಮರುದಿನ ಒಟಿಪಿ ಹೋಗುವುದು ಅವರ ಫೋನಿಗೆ.